ಪುಷ್ಪಾವತಿಯ ಕಾಗದಕ್ಕೆ ಮಾಸ್ತರರ ಸಹಿ

ರೋಣದ ಬಸ್‌ಸ್ಟ್ಯಾಂಡಿನ ಎದುರಿಗಿರುವ ಝರಾಕ್ಸ್ ಅಂಗಡಿ ನನ್ನದು. ಅದರ ಮುಂದಿನ ಬೆಂಚು ಮಾತ್ರ ಮೆಹಬೂಬಸುಭಾನಿ ಮಾಸ್ತರರದು. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ದಿನಾ ಹತ್ತಕ್ಕೆ ಬಂದು, ದಪ್ಪ ಡಿಕ್ಷನರಿಯನ್ನು ಮಗ್ಗುಲಲ್ಲಿಟ್ಟುಕೊಂಡು ಕೂತುಬಿಡುತ್ತಾರೆ. ಸುತ್ತಲ ಹಳ್ಳಿಗಳ ಜನ ತಮಗೆ ಬಂದ ಇಂಗ್ಲಿಷ್ ಕಾಗದ ಹಿಡಿದು ಅವರ ಹತ್ತಿರವೇ ಬರುವುದು. ಮಾಸ್ತರರು ಮೊದಲು ಅದರಲ್ಲಿನ ತಪ್ಪುಗಳನ್ನು ಕೆಂಪು ಪೆನ್ನಿನಿಂದ ತಿದ್ದುತ್ತಾರೆ. ವಕೀಲರು, ಡಾಕ್ಟರು, ಯಾರನ್ನೂ ಬಿಟ್ಟವರಲ್ಲ. ಆಮೇಲೆ ಹಿಂಬದಿಯಲ್ಲಿ ಕನ್ನಡದಲ್ಲಿ ತಾತ್ಪರ್ಯ ಬರೆದು ಸಹಿ ಹಾಕುತ್ತಾರೆ. ಆ ಸಹಿಯಿದ್ದರೆ ಮನೆಗಳಲ್ಲಿ ಎರಡನೇ ಮಾತಿಲ್ಲ.

ನಾನೂ ಅವರ ಕೈಯಲ್ಲಿ ಪೆಟ್ಟು ತಿಂದವನೇ. ದಿನಕ್ಕೊಂದು ಕಠಿಣ ಶಬ್ದವನ್ನು ಬೋರ್ಡಿನ ಮೂಲೆಯಲ್ಲಿ ಬರೆಯುವ ಚಟ ಅವರಿಗೆ. ಒಂದು ದಿನ ‘ರಿಕ್ರುಡೆಸೆನ್ಸ್’ ಎಂದು ಬರೆದರು.

“ಬರೇ ‘ಮತ್ತ ಬರೂದು’ ಅಂತ ಬರದ್ರ ಸೊನ್ನಿ ಕೊಡ್ತೀನಿ. ಹೋದ ಮಳಿ ಬಂದ್ರ ಈ ಶಬ್ದ ಬ್ಯಾಡ. ಸಿಟ್ಟಾಗಿ ಹೋದ ಅಳಿಯ ತಿರುಗಿ ಬಂದ್ರೂ ಬ್ಯಾಡ. ತಣ್ಣಗಾಗಿದ್ದ ಕೆಟ್ಟದ್ದು ಮತ್ತ ತಲಿ ಎತ್ತಿದ್ರ ಅಷ್ಟ. ಜಡ್ಡು, ಜಗಳ, ಅಂಥಾವಕ್ಕ. ಹತ್ತ ಸಲ ಬರೀರಿ.”

“ಇದು ಯಾರಿಗೆ ಬೇಕಾಗೇತ್ರಿ?” ಎಂದೆ. ನನ್ನ ಹತ್ತು ಇಪ್ಪತ್ತಾಯಿತು. ಮುಂದಿನ ಸಾಲಿನ ಪುಷ್ಪಾವತಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

ಆ ಪುಷ್ಪಾವತಿ ಈಗ ಮುಶಿಗೇರಿಯಲ್ಲಿ ಜಂಪರ್ ಹೊಲಿಯುತ್ತಾಳೆ. ಎರಡು ವರ್ಷದ ಹಿಂದೆ ಅವಳ ಕುತ್ತಿಗೆಯಲ್ಲಿ ಗಂಟು ಎದ್ದವು. ಹುಬ್ಬಳ್ಳಿಗೆ ಓಡಾಡಿ, ತಲೆಗೂದಲೆಲ್ಲ ಕಳಕೊಂಡು ಬದುಕಿದಳು. ಹೋದ ವರ್ಷ ‘ಈಗ ರೋಗವಿಲ್ಲ’ ಎಂದು ಮಾಸ್ತರರು ಬರೆದುಕೊಟ್ಟಾಗ ಡಬ್ಬಿ ತುಂಬ ಬೆಲ್ಲದ ಸಿಹಿ ಮಾದಲಿ ತಂದು, ಬೆಂಚಿನ ಮೇಲಿದ್ದ ಗುರುತಿಲ್ಲದವರಿಗೂ ಹಂಚಿದ್ದಳು.

ಕಳೆದ ಸೋಮವಾರ ಮತ್ತೆ ಬಂದಳು. ಕೂದಲು ಗಿಡ್ಡ ಜಡೆ ಹಾಕುವಷ್ಟು ಬೆಳೆದಿತ್ತು. ಹುಬ್ಬಳ್ಳಿ ಆಸ್ಪತ್ರೆಯ ಕಾಗದ ಕೊಟ್ಟಳು.

ಮಾಸ್ತರರು ಕೆಂಪು ಪೆನ್ನಿನ ಟೊಪ್ಪಿಗೆ ತೆಗೆದರು. ಪೆನ್ನು ಸಾಲುಗಳ ಮೇಲೆ ಮೆಲ್ಲಗೆ ಸರಿಯಿತು, ಒಂದು ಕಡೆ ನಿಂತಿತು. ತಪ್ಪೇ ಇಲ್ಲದ ಕಾಗದ ಅದು. ಟೊಪ್ಪಿಗೆ ಮುಚ್ಚಿದರು.

“ಏನಿಲ್ಲ ತಂಗಿ. ತಿಂಗಳ ಬಿಟ್ಟು ಇನ್ನೊಮ್ಮೆ ತೋರಿಸಿಕೋ ಅಂದಾರ, ಅಷ್ಟ.”

ಸುಳ್ಳು ಹೇಳಿ ರೂಢಿಯಿಲ್ಲದ ಮನುಷ್ಯ. ಹೇಳುವಾಗ ಕಣ್ಣು ನನ್ನ ಮಷೀನಿನ ಮೇಲಿತ್ತು.

“ಸರ, ಈ ಶಬ್ದ ನೀವ ಹತ್ತ ಸಲ ಬರಸಿದ್ರಿ,” ಎಂದಳು ಪುಷ್ಪಾವತಿ.

ನಾನು ಬಗ್ಗಿ ನೋಡಿದೆ. ಅದೇ ಶಬ್ದ. ನನಗೆ ಸಿಟ್ಟು ಬಂತು. ಡಾಕ್ಟರರ ಮೇಲೋ, ಮಾಸ್ತರರ ಮೇಲೋ, ಅವತ್ತು ಹಾಗೆ ಕೇಳಿದ ನನ್ನ ಮೇಲೋ ಗೊತ್ತಿಲ್ಲ.

“ಗೊತ್ತಿದ್ದೂ ಬಂದೀನ್ರಿ. ಇದಕ್ಕ ಬ್ಯಾರೆ ಅರ್ಥ ಏನರ ಐತೇನು ನೋಡ್ರಿ. ನಾವು ಕಲಿಯೂಮುಂದ ಬಿಟ್ಟು ಹೋಗಿದ್ದು?”

ಮಾಸ್ತರರು ಡಿಕ್ಷನರಿ ತೆಗೆದರು. ಬಾಯಿಪಾಠವಿದ್ದ ಶಬ್ದವನ್ನು ಹೊಸದಾಗಿ ಹುಡುಕಿದರು. ಪುಟ ಸಿಕ್ಕ ಮೇಲೂ ಬೆರಳಿಟ್ಟುಕೊಂಡು ಎರಡು ಸಲ, ಮೂರು ಸಲ ಓದಿದರು. ಯಾವಗಲ್ ಊರಿನ ಬಸ್ಸು ಬಂದು ಹೋಯಿತು. ಅವರು ತಲೆ ಎತ್ತಲಿಲ್ಲ.

“ಇಲ್ಲವ್ವಾ,” ಎಂದರು ಕಡೆಗೆ.

ಅವಳು ಅಳಲಿಲ್ಲ. ಅತ್ತಿದ್ದರೆ ನಾವು ಏನಾದರೂ ಹೇಳುತ್ತಿದ್ದೆವು.

“ಹಂಗಾರ ಹಿಂದ ಬರದ ಕೊಡ್ರಿ ಸರ. ಮನ್ಯಾಗ ನಮ್ಮವರಿಗೆ ನನ್ನ ಬಾಯಿಂದ ಹೇಳಾಕ ಆಗೂದಿಲ್ಲ.”

ಮಾಸ್ತರರು ನನ್ನ ಕಡೆ ಕೈ ಚಾಚಿದರು. “ಸಿದ್ದರಾಮೇಶ, ಕೆಂಪದ್ದು ಬ್ಯಾಡ. ನಿನ್ನ ನೀಲಿ ಪೆನ್ ಕೊಡು.”

ಒಂದೇ ಸಾಲು. ಮೂವತ್ತೆರಡು ವರ್ಷ ಬೋರ್ಡಿನ ಮೇಲೆ ಗೆರೆ ಎಳೆದಂತೆ ಬರೆದ ಕೈ ಆ ಒಂದು ಸಾಲನ್ನು ಸೊಟ್ಟ ಬರೆಯಿತು. ಕಾಗದ ಮಡಚಿ ಕೊಟ್ಟರು. ಅವಳು ಬಿಚ್ಚಿ ಓದಿ, ಮತ್ತೆ ಅವರ ತೊಡೆಯ ಮೇಲಿಟ್ಟಳು.

“ಸಹಿ ಮಾಡಿಲ್ರಿ ಸರ. ನಿಮ್ಮ ಸಹಿ ಇಲ್ಲಂದ್ರ ಅವರು ನಂಬೂದಿಲ್ಲ.”

ಮಾಸ್ತರರು ಸಹಿ ಮಾಡಿದರು.