ಫರಸಿಯ ಸಂದಿನಲ್ಲಿ ಕರಿಬೇವು

ಕಲ್ಲು ಹಾಸುವ ಗೌಂಡಿ ಕಾಕಾರ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಎಂದೋ ಕಲ್ಲು ಬಿದ್ದು ಹೋದದ್ದಂತೆ. ಆ ಬೋಳು ಬೆರಳನ್ನು ನೆಲಕ್ಕೆ ಹಾಸಿದ ಫರಸಿ ಕಲ್ಲುಗಳ ಮೇಲೆ ಸವರಿಕೊಂಡು ಹೋದರೆ ಕೂದಲೆಳೆಯಷ್ಟು ಏರುಪೇರೂ ಅವರಿಗೆ ತಿಳಿಯುತ್ತಿತ್ತು. ಶಹಾಬಾದಿನ ನಮ್ಮ ಓಣಿಯ ಅಂಗಳಗಳನ್ನೆಲ್ಲ ಹಾಸಿದವರು ಅವರೇ.

ನಮ್ಮ ಅಂಗಳದಲ್ಲೊಂದು ಕರಿಬೇವಿತ್ತು. ನಾನು ಮದುವೆಯಾಗಿ ಬಂದ ವರ್ಷ ಅವ್ವ ಕಾಳಗಿಯಿಂದ ಬಸ್ಸಿನಲ್ಲಿ, ಒದ್ದೆ ಅರಿವೆ ಸುತ್ತಿ ಉಡಿಯಲ್ಲಿಟ್ಟುಕೊಂಡು ತಂದು ಹಚ್ಚಿದ ಗಿಡ. ಅವ್ವ ತೀರಿಹೋದ ಮೇಲೆ ಅವಳದೆಂದು ನನಗೆ ಉಳಿದದ್ದು ಅದೊಂದೇ. ಆದರೆ ಅದರ ಬೇರು ಫರಸಿ ಎಬ್ಬಿಸಿತು. ಅತ್ತೆ ಎಡವಿ ಬಿದ್ದು ಮೊಣಕಾಲು ಒಡೆದುಕೊಂಡರು. ಗಿಡ ಕಡಿಯಲು ಕಾಕಾರನ್ನೇ ಕರೆಸಿದರು.

"ಒಂದ್ ಸಂದೂ ಬಿಡಬ್ಯಾಡ ಮತ್ತ. ಎಲ್ಲಾ ಸಿಮಿಂಟ್ ತುಂಬು," ಎಂದು ಕಾಕಾರಿಗೆ ಹೇಳಿ ಅತ್ತೆ ಒಳಗೆ ಹೋದರು.

ನಾನು ಆಗಲೇ ನಾಲ್ಕು ಟೊಂಗೆ ಮುರಿದು ಕುಂಡದಲ್ಲಿ ಊರಿದ್ದೆ. ನಾನು ಕಲಿತ ಕಾನ್ವೆಂಟ್ ಸಾಲಿಯಲ್ಲಿ ಗುಲಾಬಿಯನ್ನು ಸಿಸ್ಟರ್ ಹಾಗೆಯೇ ಹಚ್ಚುತ್ತಿದ್ದರು ಎಂದು ಹೇಳಿದೆ. ಬಾಡಿದ ಟೊಂಗೆ ನೋಡಿ ಕಾಕಾ ನಕ್ಕರು.

"ಎಲ್ಲಾ ಗಿಡಕ್ಕೂ ಒಂದೇ ಸಾಲಿ ಏನ್ ತಂಗಿ? ಗುಲಾಬಿ ಟೊಂಗೀಲೆ ಬರ್ತದ, ನುಗ್ಗಿ ಕೊರಡಲೆ ಬರ್ತದ. ಕರಿಬೇವಿನ ಜೀವ ಬೇರಿನಾಗ ಇರ್ತದ."

ಗಿಡ ಕಡಿದ ಮೇಲೆ, ಕಲ್ಲಿನಡಿ ಹರಿದಿದ್ದ ಬೆರಳುಗಾತ್ರದ ಬೇರಿಗೆ ಉಳಿಯಿಂದ ಮೆಲ್ಲಗೆ ಗಾಯ ಮಾಡಿದರು. ನಾನು "ಅಯ್ಯ!" ಎಂದೆ.

"ಗಾಯ ಆದಲ್ಲೇ ಚಿಗರ್ತದ. ನಮ್ಮಂಗಲ್ಲ ಅದು. ನನ್ನ ಉಗುರು ಮತ್ತ ಬರ್ಲೇ ಇಲ್ಲ ನೋಡು."

ಆಮೇಲೆ ಆ ಬೇರಿನ ಮೇಲೆ, ಅಂಗಳದ ಒರಳಿನ ಹಿಂದೆ, ಗೇಣುದ್ದದ ಸಂದೊಂದನ್ನು ತುಂಬದೆ ಬಿಟ್ಟರು. ಸಂದು ಬಿಟ್ಟ ಗೌಂಡಿ ಎಂದರೆ ಅವರ ಕಸುಬಿನಲ್ಲಿ ಬೈಗುಳ.

ಮಳೆ ಹಿಡಿಯಿತು. ಎರಡು ತಿಂಗಳು ಏನೂ ಇಲ್ಲ. ನಾನು ತಡೆಯಲಾರದೆ ತಲೆಯ ಪಿನ್ನಿನಿಂದ ಕೆದಕಿ ನೋಡುತ್ತಿದ್ದೆ. ಒಂದು ಮುಂಜಾನೆ ಅತ್ತೆಯ ಕೂಗು ಕೇಳಿಸಿತು: "ಗೌಂಡಿ ಸಂದು ಬಿಟ್ಟಾನಲ್ಲ!"

ಓಡಿದೆ. ಆ ಕಲ್ಲುಗಳ ನಡುವೆ ಎಳ್ಳುಕಾಳಿನಂಥ ಎರಡು ಎಲೆ, ಅಂಚು ತುಸು ಕೆಂಪು. ಕಿತ್ತೇಬಿಡುತ್ತಾರೆಂದುಕೊಂಡೆ. ಅತ್ತೆ ಬಗ್ಗಿ ಮುಟ್ಟಿದರು, ಬೆರಳು ಮೂಸಿದರು.

"ನಿಮ್ಮವ್ವ ಭಾಳ ಹಟಮಾರಿ ಬಿಡು."

ಅಂದಿನಿಂದ ಅದಕ್ಕೆ ನೀರು ಹಾಕಿದವರು ಅವರೇ. ಕಾಕಾ ಬಂದಾಗ ಮಾತ್ರ, "ಏನಪಾ ಗೌಂಡಿ, ಕಣ್ಣು ಕಾಣವಲ್ವೇನು?" ಎಂದು ಕೆಣಕಿದರು.

"ಹೌದ್ರಿ ಅಕ್ಕಾರ, ವಯಸ್ಸಾತು," ಎಂದು ಕಾಕಾ ತಲೆ ಕೆರೆದುಕೊಂಡರು.

ಕೆಲವು ವರ್ಷಗಳ ಮೇಲೆ ಅವರು ತೀರಿಕೊಂಡಾಗ ಮೊದಲ ಸಲ ಅವರ ಮನೆಗೆ ಹೋದೆ. ಓಣಿಗೆಲ್ಲ ಫರಸಿ ಹಾಸಿದವರ ಅಂಗಳ ಬರೀ ಮಣ್ಣು. ನಡುವೆ ನನಗಿಂತ ಎತ್ತರದ ಕರಿಬೇವು. ಅವರ ಹೆಂಡತಿ ಕಣ್ಣೊರೆಸಿಕೊಂಡರು.

"ನಿಮ್ಮದೇ ಗಿಡ, ತಂಗಿ. ಕಡದ ದಿನ ಬೇರಿನ ತುಂಡು ಚೀಲದಾಗ ಹಾಕ್ಕೊಂಡು ಬಂದು ಹಚ್ಚಿದ್ರು. 'ಅಲ್ಲಿ ಬರ್ಲಿಲ್ಲಂದ್ರ ಆ ಹುಡುಗಿ ಕೈಯಾಗ ಇದನ್ನರ ಕೊಡಬೇಕು' ಅಂತಿದ್ರು."

ನಾನು ಒಂದು ಎಲೆಯನ್ನೂ ಕೀಳಲಿಲ್ಲ. ನೆಲಕ್ಕೆ ಬಗ್ಗಿ, ಬೇರು ಎಲ್ಲಿಯವರೆಗೆ ಹೋಗಿದೆಯೋ ಎಂದು ಕಾಕಾರ ಹಾಗೆ ಹೆಬ್ಬೆರಳಿನಿಂದ ಮಣ್ಣು ಸವರಿ ನೋಡಿದೆ.