ನಾನು ಅಧಿಕಾರಿಯಾದ ದಿನ

ಅದಕ್ಕೊಂದು ಶಬ್ದ ಉಂಟು. ಸುಳ್ಳು ವಿಚಾರಣೆಯೋ ಎಂತದೋ. ಎಂಬತ್ತರ ದಶಕದಲ್ಲಿ, ವಲಸಿಗರ ಪರ ಫೀಸಿಲ್ಲದೆ ವಾದಿಸಲು ಬಂದ ಉಡುಪಿಯ ಎಳೆಯ ವಕೀಲರಿಗೆ ನಾನು ಅದನ್ನು ಮಾಡಿಸುತ್ತಿದ್ದೆ. ವೀಸಾ ಅಧಿಕಾರಿಯ ಪಾತ್ರ ನನ್ನದೇ.

ಉಚ್ಚಿಲದಲ್ಲಿ ಹುಟ್ಟಿ, ಕರಾಚಿಗೆ ಮದುವೆಯಾಗಿ ಹೋಗಿ, ವಿಧವೆಯಾಗಿ ಅಲ್ಲಿನ ಪಾಸ್‌ಪೋರ್ಟಿನಲ್ಲಿ ತಮ್ಮನ ಮನೆಗೆ ಮರಳಿದ್ದ ಐಸಮ್ಮನವರನ್ನು ಒಮ್ಮೆ ಅಭ್ಯಾಸಕ್ಕೆ ಕೂರಿಸಿದೆವು. ನಾನು ಕನ್ನಡಕ ಮೂಗಿಗಿಳಿಸಿ ಗದರಿದೆ: "ನೀವು ಇಲ್ಲಿರುವಂತಿಲ್ಲ." ವಕೀಲರು ಚಪ್ಪಾಳೆ ತಟ್ಟಿದರು.

ಮರುದಿನ ನಿಜವಾದ ವಿಚಾರಣೆಗೆ ಐಸಮ್ಮ ಬರಲಿಲ್ಲ. ಉಚ್ಚಿಲಕ್ಕೆ ಓಡಿದರೆ, ಪೆಟ್ಟಿಗೆಗೆ ಬಟ್ಟೆ ತುಂಬುತ್ತಿದ್ದರು.

"ಇರುವಂತಿಲ್ಲ ಅಂತ ನೀವೇ ಹೇಳಿದಿರಲ್ಲ ಅಮ್ಮ?"

"ಅದು ನಾಟಕ ಮಾರಾಯ್ರೆ."

"ನಾಟಕಕ್ಕೆ ಅಷ್ಟು ಸಿಟ್ಟು ಎಂತಕ್ಕೆ?"

ಹೇಗೋ ಒಪ್ಪಿಸಿ ಕರೆದುಕೊಂಡು ಹೋದೆ. ನಿಜವಾದ ಅಧಿಕಾರಿ ಅವರಿಗೆ ಕುರ್ಚಿ ಕೊಟ್ಟು ಮಾತಾಡಿಸಿ, ಇನ್ನೊಂದು ವರ್ಷ ಇರಲು ಅನುಮತಿ ಕೊಟ್ಟರು. ತಡವಾಗಿದ್ದಕ್ಕೆ ಬೈಸಿಕೊಂಡವಳು ನಾನು.

ಹಾಂ, ಅಣಕು ವಿಚಾರಣೆ. ಬರೆದುಕೋ ಪುಟ್ಟಾ. ತನ್ನ ಕಕ್ಷಿದಾರಳನ್ನು ತಾನೇ ಗಡೀಪಾರು ಮಾಡಿದ ವಕೀಲೆ ನಿನ್ನ ಅಜ್ಜಿ ಅಂತಲೂ ಬರಿ.