ಶಾರದಕ್ಕ ಬಿಟ್ಟ ಒಂದು ಹನಿ ಎಣ್ಣೆ

ಕುಮಟೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟ ಹೊಸತು. ಗೋಡೆಗೆ ತೂಗುಹಾಕಿದ್ದ ಸರ್ಟಿಫಿಕೇಟನ್ನು ಗಿರಾಕಿಗಳಿಗಿಂತ ಹೆಚ್ಚು ನಾನೇ ನೋಡುತ್ತಿದ್ದೆ. ಒಂದು ದಿನ ಹೊನ್ನಾವರದ ಟೈಲರ್ ಶಾರದಕ್ಕ ಫೋನ್ ಮಾಡಿದರು. ಕಾರ್ ರೇಸಿನ ಆಟ ಶುರುಮಾಡಿದ ಹತ್ತೇ ನಿಮಿಷಕ್ಕೆ ಅವರ ಕಂಪ್ಯೂಟರ್ ನಿಂತುಬಿಡುತ್ತಿತ್ತಂತೆ.

ಮನೆಗೆ ಹೋದವನೇ, "ಆಡೋದು ಮಗನಾ ಅಕ್ಕಾ?" ಎಂದೆ.

"ಅಲ್ಲ ತಮಾ, ನಾನೇ. ಮಗಳು ಹಾಸ್ಟೆಲಿಗೆ ಹೋದ ಮೇಲೆ ಕಲ್ತೆ. ಇನ್ನೊಂದೇ ರೇಸು ಬಾಕಿ, ಗೆಲ್ಲುಕೆ ಬಿಡುದಿಲ್ಲ ಇದು."

ನಾನು ಡ್ರೈವರ್ ಸಾಫ್ಟ್‌ವೇರನ್ನು ಎರಡು ಸಲ ಹಾಕಿದೆ. ರ‍್ಯಾಮ್ ತೆಗೆದು ರಬ್ಬರಿನಿಂದ ಉಜ್ಜಿದೆ. ಆದರೂ ರೇಸಿನ ನಡುವೆ ಪರದೆ ತುಂಬ ಬಣ್ಣದ ಗೆರೆಗಳು ಬಂದು ಎಲ್ಲ ಸ್ತಬ್ಧವಾಗುತ್ತಿತ್ತು. ಕೊನೆಗೆ ದೊಡ್ಡ ಡಾಕ್ಟರನ ದನಿಯಲ್ಲಿ, "ಗ್ರಾಫಿಕ್ಸ್ ಕಾರ್ಡು ಹಳೇದು ಅಕ್ಕಾ. ಅದರ ಆಯುಷ್ಯ ಮುಗೀತು" ಎಂದೆ.

ಶಾರದಕ್ಕ ಕನ್ನಡಕ ಸರಿಮಾಡಿಕೊಂಡು ಬಿಚ್ಚಿಟ್ಟ ಪೆಟ್ಟಿಗೆಯೊಳಗೆ ಇಣುಕಿದರು.

"ಕಾರ್ಡಿನ ಮೇಲಿನ ಈ ಸಣ್ಣ ಫ್ಯಾನು ತಿರುಗುದೇ ಇಲ್ಲ ಅಲ್ದಾ? ಅದಕ್ಕೆ ಎಂತ ಆತು?"

ಆ ಫ್ಯಾನನ್ನು ನಾನೂ ನೋಡಿದ್ದೆ. ಅಂದರೆ, ಕಣ್ಣು ಅದರ ಮೇಲೆ ಹಾದುಹೋಗಿತ್ತು, ಅಷ್ಟೇ.

ಶಾರದಕ್ಕ ನನ್ನಿಂದ ಕರೆಂಟ್ ತೆಗೆಸಿ, ಸೂಜಿಯಿಂದ ಫ್ಯಾನಿನ ನಡುವಿನ ಸ್ಟಿಕ್ಕರ್ ಎಬ್ಬಿಸಿ, ಹೊಲಿಗೆ ಮಷೀನಿನ ಎಣ್ಣೆ ಒಂದೇ ಹನಿ ಬಿಟ್ಟರು. ಬೆರಳಲ್ಲಿ ನಾಲ್ಕು ಸುತ್ತು ತಿರುಗಿಸಿದರು. ಸ್ವಿಚ್ ಹಾಕಿದಾಗ ಫ್ಯಾನು ಗುಂಯ್ಯೆಂದಿತು, ಬಿಸಿಯೇರಿ ಆಟ ನಿಲ್ಲಿಸುತ್ತಿದ್ದ ಕಾರ್ಡು ಈಗ ತಣ್ಣಗೇ ಉಳಿಯಿತು. ನನಗೆ ಕೊಟ್ಟ ಚಾ ಆರುವುದರೊಳಗೆ ಅವರು ರೇಸು ಗೆದ್ದರು.

ಆ ಸಂಜೆಯೇ ನಾನೂ ಒಂದು ಬಾಟಲಿ ಹೊಲಿಗೆ ಎಣ್ಣೆ ಕೊಂಡೆ. ಮೊದಲು ಅದರ ಲೇಬಲ್ ಕಿತ್ತುಹಾಕಿದೆ. ಗಿರಾಕಿಗಳು ಕೇಳಿದರೆ 'ಸ್ಪೆಷಲ್ ಲಿಕ್ವಿಡ್' ಎನ್ನಬೇಕಲ್ಲ.